ಖಂಡೇನವಮಿಯ ಎರಡನೇ ಗುಂಡು

ನಮ್ಮ ಮಾವನವ್ರ ಹತ್ರ ಒಂದು ಬಂದೂಕ ಇತ್ತು. ಬಂದೂಕ ಅಂದಕೂಡ್ಲೆ ಆಳೆತ್ತರದ ನಳಗಿ, ಮದ್ದು ತುಂಬಿ ಗಜಲೆ ಗಿಡದು ಹಾರ್ಸೋದು ಅಂತ ತಿಳಕೋಬ್ಯಾಡ್ರಿ. ಅಂಥಾದೂ ಮನ್ಯಾಗ ಒಂದಿತ್ತು, ಅದರ ಮಾತು ಆಮ್ಯಾಲ ಬರ್ತದ. ಇದು ಗಿಡ್ಡಂದು. ಹಿಂದ ಹೆಗಲಿಗಿ ಆನಸಾಕ ಕಟ್ಟಿಗಿ ಹಿಡಿ, ನಡಬರಕ ಬೆರಳಿಲೆ ಎಳೆಯೋ ಕುದುರಿ, ಕುದುರಿ ಮುಂದ ಒಂದು ಚೌಕ ಡಬ್ಬಿ. ಆ ಡಬ್ಬ್ಯಾಗ ಪಿಸ್ತೂಲಿಗಿ ಹಾಕೋ ಅಂಥಾ ಗಿಡ್ಡ ಗುಂಡು ಸಾಲಾಗಿ ತುಂಬಬೇಕು. ಕಾರ್ಬೈನ್ ಅಂತ ಅದರ ಹೆಸರು. ಮಾವನವ್ರು "ಕಾರಬೀನ" ಅಂತಿದ್ರು, ಊರ ಮಂದಿ ಹಿಂದಿನಿಂದ "ಚಿಲಿಮಿ" ಅಂತ ನಗತಿದ್ರು. ನಮ್ಮ ಅತ್ತಿ ಮಾತ್ರ ಅದಕ್ಕ ಹೆಸರ ಇಟ್ಟಿರಲಿಲ್ಲ, "ಅದು" ಅಂತಿದ್ಳು. "ಅದನ್ನ ಒಳಗ ಇಡ್ರಿ, ಮಂದಿ ಬರಾಕತ್ಯಾರ" ಅಂದ್ರ ಯಾವುದು ಅಂತ ಮನ್ಯಾಗ ಎಲ್ಲಾರಿಗೂ ತಿಳೀತಿತ್ತು.

ನಮ್ಮೂರು ಕರಜಗಿ, ಅಕ್ಕಲಕೋಟಿ ತಾಲೂಕು. ನಿಜಾಮನ ಸರಹದ್ದು ನಮ್ಮ ಹೊಲದಿಂದ ಭಾಳ ದೂರ ಇರಲಿಲ್ಲ. ರಜಾಕಾರರ ಗದ್ದಲ ನಡದಾಗ ಈ ಕಡಿ ಹಳ್ಳ್ಯಾಗಿನ ಮಂದಿ ದನಾಕರ ಹೊಡಕೊಂಡು, ಗಂಟು ಕಟಗೊಂಡು ಓಡ್ಯಾಡಿದ್ರು. ಆವಾಗ ಹೊಲಮನಿ ಇದ್ದವ್ರಿಗಿ ಸರಕಾರದವ್ರು ಬಂದೂಕಿನ ಪರವಾನಗಿ ಕೊಟ್ರು. ಮಾವನವ್ರು ಒಬ್ಬ ಹಳೇ ಸರದಾರರ ಮನ್ಯಾಗಿಂದ ಈ ಕಾರ್ಬೈನ್ ತಂದ್ರು. ಪರದೇಶದ್ದಂತ, ಅಕ್ಕಲಕೋಟಿ ಮಹಾರಾಜರು ಬೇಟಿಗಿ ಹೋಗುವಾಗ ಸರದಾರರು ಹೆಗಲಿಗಿ ಹಾಕ್ಕೊಂಡು ಹೋಗತಿದ್ರಂತ. ಗದ್ದಲ ಮುಗೀತು, ಸಂಸ್ಥಾನ ಹೋತು, ನಿಜಾಮನೂ ಹೋದ. ಬಂದೂಕ ಉಳೀತು.

ನಾ ಆ ಮನಿಗಿ ಸೊಸಿ ಆಗಿ ಹೋದದ್ದು ಇದೆಲ್ಲಾ ಆಗಿ ನಾಕೈದು ವರ್ಷಕ್ಕ. ನಾನು ಸೊಲ್ಲಾಪುರದಾಕಿ. ನಮ್ಮಪ್ಪ ಚಪಳಗಾಂವದಾಗ ಹುಟ್ಟಿ ಬೆಳದಾಂವ, ಗಿರಣಿ ಕೆಲಸಕ್ಕಂತ ಸೊಲ್ಲಾಪುರಕ್ಕ ಬಂದು ವಿಜಾಪುರ ರಸ್ತಾದ ಮಗ್ಗಲಿಗಿ ಮನಿ ಮಾಡಿದಾಂವ. ಮರಾಠಿ ಸಾಲಿ ಏಳನೇತ್ತಾ ಮಟ ಕಲ್ಸಿದ್ದ ನನಗ. ಮನ್ಯಾಗ ಕನ್ನಡ, ಓಣ್ಯಾಗ ಕನ್ನಡ, ಸಾಲ್ಯಾಗ ಮರಾಠಿ. ಬಾಯಿ ಜ್ವಾರು ಅಂತ ನಮ್ಮವ್ವ ಹೆದರತಿದ್ಳು. "ಕೊಟ್ಟ ಮನ್ಯಾಗ ನಾಲಿಗಿ ಹಲ್ಲಿನ ಹಿಂದ ಇಟಗೊಂಡು ಬಾಳೇ ಮಾಡವ್ವಾ, ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು" ಅಂತ ಬಸ್ ಸ್ಟ್ಯಾಂಡಿನ ತನಕಾ ಹೇಳಿ ಕಳಿಸಿದ್ಳು. ನಾ ಹೂಂ ಹೂಂ ಅಂದೆ.

ಆ ಬಂದೂಕಿನ ಸೇವಾ ಏನಂತ ಹೇಳ್ಲಿ! ಮೊಮ್ಮಕ್ಕಳು ಬಂದ ಮ್ಯಾಲೂ ಮಾವನವ್ರು ಯಾವ ಕೂಸಿಗೂ ಅಷ್ಟು ಮಾಡಿದ್ದು ನಾ ನೋಡ್ಲಿಲ್ಲ. ಅಮಾಸಿ ಬಂತಂದ್ರ ಮುಂಜಾನಿ ಜಳಕಾ ಮಾಡಿ, ಪಡಸಾಲ್ಯಾಗ ಬಿಳಿ ಪಂಚೆ ಹಾಸಿ, ಅದರ ಮ್ಯಾಲ ಬಂದೂಕ ಬಿಚ್ಚತಿದ್ರು. ಮೊದಲ ಡಬ್ಬಿ ತಗದು ಮಗ್ಗಲಿಗಿ ಇಡೋದು. ಆಮ್ಯಾಲ ಮ್ಯಾಲಿನ ಕಬ್ಬಿಣ ಹಿಂದಕ್ಕ ಎಳದು ಒಳಗ ಬೆರಳ ಹಾಕಿ ನೋಡೋದು. ಆಮ್ಯಾಲ ಸ್ಪ್ರಿಂಗು, ಮೊಳಿ, ಒಂದೊಂದ ತಗದು ಸಾಲಾಗಿ ಜೋಡ್ಸೋದು. ಆ ಹೊತ್ತಿನ್ಯಾಗ ಪಡಸಾಲಿಗಿ ಯಾರೂ ಹೋಗಂಗಿಲ್ಲ, ಕಸ ಹೊಡಿಯಂಗಿಲ್ಲ, ಬೆಕ್ಕು ಸುದ್ದಾ ಸುಳಿಯಂಗಿಲ್ಲ. ಒಮ್ಮೆ ಒಂದು ಸ್ಪ್ರಿಂಗು ಪಟಕ್ಕನ ಜಿಗದು ಎಲ್ಲೋ ಹೋತು. ಮನಿಮಂದಿ ಎಲ್ಲಾ ನೆಲಕ್ಕ ಮಾರಿ ಹಚ್ಚಿ ಹುಡುಕಿದ್ವಿ. ಜ್ವಾಳದ ಚೀಲ ಸುರುವಿ ಜರಡಿ ಹಿಡದ್ವಿ. ಕಡೀಕ ಅತ್ತಿ ಕಾಲಬೆರಳಿಗಿ ಚುಚ್ಚಿತು. "ಇಲ್ಲಿ ಅದ ನೋಡ್ರಿ ನಿಮ್ಮ ಮಗ" ಅಂತ ಕೈಯಾಗ ಕೊಟ್ಳು. ನಾ ಸೆರಗು ಬಾಯಿಗಿ ಇಟಗೊಂಡು ನಕ್ಕೆ.

ಅದರ ಕಷ್ಟಾನೂ ಇದ್ವು. ಗುಂಡು ಸಿಗತಿರಲಿಲ್ಲ. ಸೊಲ್ಲಾಪುರದ ಬಂದೂಕಿನ ಅಂಗಡಿಯಾಂವ ಪ್ರತಿ ಸಲ "ಈ ಮಾಪಿನವು ಬರೂದು ಬಂದ್ ಆಗ್ಯಾವ" ಅಂತಿದ್ದ. ಇದ್ದವು ಹಳೇವು. ಕೆಲವೊಂದು ಹಾರತಿದ್ದಿಲ್ಲ, ಟಿಕ್ ಅಂತ ಸುಮ್ಮನಾಗತಿದ್ವು. ಇಲೆಕ್ಷನ್ ಬಂದ್ರ ಠಾಣೇಕ್ಕ ಒಯ್ದು ಜಮಾ ಇಡಬೇಕು, ಮುಗದ ಮ್ಯಾಲ ಹೋಗಿ ತರಬೇಕು. ಆ ದಿನಗಳಾಗ ಮಾವನವ್ರು ಕಟ್ಟಿ ಮ್ಯಾಲ ಕೂತ್ರ ಕೈ ಎಲ್ಲಿ ಇಡಬೇಕು ಅನ್ನೋದು ಅವ್ರಿಗಿ ತಿಳೀತಿರಲಿಲ್ಲ ಅಂತ ನಮ್ಮ ಮನಿಯವ್ರು ಹೇಳಿ ನಗತಿದ್ರು. ನಮ್ಮ ಮನಿಯವ್ರು ಅಂದ್ರ ನನ್ನ ಗಂಡ, ಮಾವನವ್ರ ಒಬ್ಬನೇ ಮಗ.

ಮತ್ತ ಸುಖಾ? ಸುಖಾನೂ ಇತ್ತು, ಖರೆ ಹೇಳಬೇಕು. ಶೇಂಗಾ ಹೊಲಕ್ಕ ಹಂದಿ ಬಂದಾಗ ಮಾವನವ್ರು ಬದುವಿನ ಮ್ಯಾಲ ಕೂತು ಒಂದು ಹಾರ್ಸಿದ್ರ, ಅದು ತಪ್ಪಿದ್ರ, ಕೂತಲ್ಲೇ ಇನ್ನೊಂದು, ಮತ್ತೊಂದು. ಮದ್ದಿನ ಬಂದೂಕಾದ್ರ ಒಂದು ಹಾರ್ಸಿ, ಎದ್ದು ನಿಂತು, ಮದ್ದು ಹಾಕಿ, ಗಜ ತುರುಕಿ ಗಿಡಿಯೋದ್ರಾಗ ಹಂದಿ ಭೀಮಾ ನದಿ ದಾಟಿರ್ತಿತ್ತು. ಇದು ಹಂಗಲ್ಲ. ಒಮ್ಮೆ ಡಬ್ಬಿ ತುಂಬಿ ಕಬ್ಬಿಣ ಎಳದು ಬಿಟ್ರ ಮುಗೀತು. ಒಂದು ಹಾರಿತಂದ್ರ ಖಾಲಿ ಪುಂಗಳಿ ತಾನ ಹೊರಗ ಬೀಳತದ, ಮುಂದಿನ ಗುಂಡು ತಾನ ಒಳಗ ಹೋಗಿ ಕೂಡತದ. ಬೆರಳ ಎಳೆಯೋದು ಅಷ್ಟ ಕೆಲಸ. ಹೊಡತನೂ ಹೆಗಲಿಗಿ ಭಾಳ ಇಲ್ಲ. ಬೀಗರು ಬಂದಾಗ ಮಾವನವ್ರು ತಿಪ್ಪಿ ಕಡಿ ಮಾರಿ ಮಾಡಿ ಹಾರ್ಸಿ ತೋರಸತಿದ್ರು. "ನೋಡ್ರಿ, ನಾ ಏನೂ ಮಾಡಿಲ್ಲ, ತಾನ ತಯಾರಾಗ್ಯಾದ" ಅಂತಿದ್ರು. ಬಿದ್ದ ಪುಂಗಳಿ ನಾನ ಆರಸಿ ತರತಿದ್ದೆ. ಆ ಮಾತು ಅವ್ರ ಬಾಯಿಂದ ನಾ ನನ್ನ ಕಿವಿಲೆ ಎಷ್ಟು ಸಲ ಕೇಳೀನೋ, ಲೆಕ್ಕ ಇಲ್ಲ.

ಈಗ ಆ ಹಳೇ ಬಂದೂಕಿನ ಮಾತು. ಮಾವನವ್ರ ಅಪ್ಪನ ಕಾಲದ್ದು, ಮದ್ದು ಗಿಡಿಯೋದು. ದಸರಾದ ಹಿಂದಿನ ದಿನ ಖಂಡೇನವಮಿ, ಮನ್ಯಾಗಿನ ಎಲ್ಲಾ ಹತ್ಯಾರಕ್ಕ ಪೂಜಾ. ನೇಗಲಾ, ಕುಂಟಿ, ಕುಡಗೋಲು, ಕೊಡಲಿ, ಅತ್ತಿಯ ಈಳಿಗಿ, ಒನಕಿ, ಎಲ್ಲಾ ತೊಳದು ಕಂಬಳಿ ಮ್ಯಾಲ ಸಾಲಾಗಿ ಇಡೋದು. ನಮ್ಮ ಮನ್ಯಾಗ ಒಂದು ರೂಢಿ ಇತ್ತು. ಯಜಮಾನ ಅಂಗಳದಾಗ ನಿಂತು ಬಂದೂಕ ಒಮ್ಮೆ ಮುಗಲಿಗಿ ಹಾರ್ಸಬೇಕು. ಹಾರ್ಸಿದ್ದ ತಂದು ಹಂಗ ಕಂಬಳಿ ಮ್ಯಾಲ ಮಲಗಿಸಬೇಕು. ಆ ವರ್ಷ ಮನಿಗಿ ಯಾರರೆ ಹೊಸಾ ಸೊಸಿ ಬಂದಿದ್ರ ಆಕಿ ಎಲ್ಲಾ ಹತ್ಯಾರಕ್ಕ ಮೊದಲ ಕುಂಕುಮ ಹಚ್ಚಿ, ಹಳದಿ ದಾರದ ಕಂಕಣ ಕಟ್ಟಬೇಕು. ಹಳೇ ಬಂದೂಕಿಗಿ ಈ ರೂಢಿ ಬರೋಬ್ಬರಿ ಇತ್ತು. ಒಮ್ಮೆ ಹಾರ್ಸಿದ ಮ್ಯಾಲ ಅದು ಒಂದು ಕಬ್ಬಿಣದ ಕೊಳವಿ, ಕೂಸಿನ ಕೈಯಾಗ ಕೊಟ್ರೂ ಭಯ ಇಲ್ಲ.

ನಾ ಸೊಸಿ ಆಗಿ ಹೋದ ವರ್ಷ ಆ ಹಳೇ ಬಂದೂಕಿನ ನಳಗಿ ತುಕ್ಕು ಹಿಡದು ಸೀಳಿತ್ತು. ಮಾವನವ್ರು ಅದನ್ನ ಮಾಮಲೇದಾರ ಕಚೇರಿಗಿ ಒಪ್ಪಿಸಿ ಬಂದಿದ್ರು. ಆ ಸಲದ ಖಂಡೇನವಮಿಗಿ ಕಾರ್ಬೈನ್ ಹೊರಗ ಬಂತು.

ಮುಂಜಾನಿ ಎಲ್ಲಾರೂ ಜಳಕಾ ಮಾಡಿ, ಹೊಸಾ ಅರಿವಿ ಉಟ್ಟು ಕೂಡಿದ್ವಿ. ಮಾವನವ್ರು ರುಮಾಲು ಸುತ್ತಿ ಅಂಗಳಕ್ಕ ಇಳದ್ರು. ಢಂ ಅಂತ ಒಂದು ಹಾರ್ಸಿದ್ರು. ಕಾಗಿ ಎದ್ದು ಕೂಗಿದ್ವು, ಎತ್ತು ಗ್ವಾದಲ್ಯಾಗ ಬೆದರಿ ಹಗ್ಗ ಜಗ್ಗಿದ್ವು. ಮಾವನವ್ರು ಖುಷಿಲೆ ಬಂದು ಬಂದೂಕ ಕಂಬಳಿ ಮ್ಯಾಲ ಕುಂಟಿ ಮಗ್ಗಲಿಗಿ ಮಲಗಿಸಿ ಕೈ ಮುಗದ್ರು. ನಾ ತಾಟಿನ್ಯಾಗ ಅರಿಷಿಣ, ಕುಂಕುಮ, ಚಂಡು ಹೂ, ಕಂಕಣದ ದಾರ ಇಟಗೊಂಡು ಬಂದೆ. ಅತ್ತಿ ನನ್ನ ಹಿಂದ ನಿಂತು ಯಾವುದಕ್ಕ ಎಲ್ಲಿ ಕಟ್ಟಬೇಕು ಅಂತ ಹೇಳಾಕತ್ತಿದ್ಳು. ನೇಗಲಾಕ್ಕ ಕಟ್ಟಿದೆ, ಕೊಡಲಿಗಿ ಕಟ್ಟಿದೆ, ಈಳಿಗಿಗಿ ಕಟ್ಟಿದೆ. ಬಂದೂಕಿನ ಹತ್ರ ಬಂದು ನಿಂತೆ. ಮನಸ್ಯಾಗ ಏನೋ ಅಳಕು ಬಂತು.

"ಮಾವಾರ, ಇದು ಖಾಲಿ ಅದ ಏನ್ರಿ?" ಅಂದೆ.

"ಈಗ ಹಾರ್ಸೀನಲ್ಲ ನಿನ್ನ ಕಣ್ಮುಂದ. ಖಾಲಿನ ಇರ್ತದ, ಕಟ್ಟು," ಅಂದ್ರು.

ನೋಡ್ರಿ, ಅಮಾಸಿಗೊಮ್ಮೆ ಡಬ್ಬಿ ತಗದು, ಬೆರಳ ಹಾಕಿ ನೋಡೋ ಮನಶ್ಯಾ! "ತಾನ ತಯಾರಾಗತದ" ಅಂತ ಊರಿಗೆಲ್ಲಾ ಹೇಳಿದ ಮನಶ್ಯಾ! ಆದ್ರ ಅವತ್ತು ಖಂಡೇನವಮಿ. ಖಂಡೇನವಮಿ ದಿನ ಹಾರ್ಸಿದ ಬಂದೂಕ ಖಾಲಿ ಇರ್ತದ ಅನ್ನೋದು ಅವ್ರು ಹುಟ್ಟಿದಾಗಿಂದ ನೋಡಿದ್ದು, ಅವ್ರ ಅಪ್ಪನೂ ನೋಡಿದ್ದು. ಆ ದಿನ ಅವ್ರ ತಲಿ ಹಳೇ ಬಂದೂಕಿನ ಹಾದಿ ಹಿಡದಿತ್ತು.

ಕಂಕಣ ಕಟ್ಟಾಕ ಆ ಗಿಡ್ಡ ಬಂದೂಕಿಗಿ ಬ್ಯಾರೆ ಜಾಗ ಇರಲಿಲ್ಲ. ಕುದುರಿ ಸುತ್ತ ಒಂದು ಕಬ್ಬಿಣದ ಬಳಿ ಇರ್ತದಲ್ಲ, ಅದರಾಗ ದಾರ ಪೋಣಿಸು ಅಂತ ಅತ್ತಿ ಬೆರಳ ಮಾಡಿದ್ಳು. ಪೋಣಿಸಿದೆ. ಗಂಟ ಹಾಕಿ ಜಗ್ಗಿದೆ. ದಾರ ಕುದುರಿ ಮುಂದ ಸಿಕ್ಕೊಂಡಿತ್ತು.

ಸಪ್ಪಳ ಆದದ್ದು ನನಗ ಕೇಳಿಸಲೇ ಇಲ್ಲ. ಕಿವಿ ಗುಂಯ್ ಅಂತು, ಕುಂಕುಮದ ಬಟ್ಟಲಾ ಉರುಳಿತು. ಪಡಸಾಲಿ ಆ ತುದಿಗಿ ನಮ್ಮ ಮನಿಯವ್ರು ಕುಂಬಳಕಾಯಿ ಒಡಿಯಾಕ ಕುಕ್ಕರಗಾಲಿಲೆ ಕೂತಿದ್ರು. "ಯವ್ವಾ" ಅಂತ ಮಗ್ಗಲಿಗಿ ಬಿದ್ರು. ಮೊಳಕಾಲ ಕೆಳಗ ಮೀನಖಂಡದಾಗ ಗುಂಡು ಹೊಕ್ಕು ಆಚೀಗಿ ಹೊಂಟಿತ್ತು. ಹೊಸಾ ಧೋತ್ರ ಕೆಂಪಗಾತು. ಅತ್ತಿ ಮೊದಲ ಮಗನ ಕಡಿ ಓಡಿದ್ಳು. ಆಮ್ಯಾಲ ನನ್ನ ಕಡಿ ತಿರಗಿ ಒದರಿದ್ಳು. "ಕಾಲಿಟ್ಟ ವರ್ಷದಾಗ ನನ್ನ ಮಗನ ಕಾಲು ತಿಂದ್ಯೇನ ಪೀಡಾ!"

ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಹಾಕಿದ್ರು ಅಂತಾರಲ್ಲ, ಅದು ಹ್ಯಾಂಗ ಇರ್ತದ ಅಂತ ಎಮ್ಮಿನ್ನ ಕೇಳಬೇಕು. ಆ ಗಳಿಗಿಯಿಂದ ನಾ ಕೆಟ್ಟ ಕಾಲಗುಣದಾಕಿ ಆದೆ. ಗಾಯಕ್ಕ ಅರಿಷಿಣ ಒತ್ತಿ ಅರಿವಿ ಕಟ್ಟಿ, ಬಂಡಿಯಾಗ ಹುಲ್ಲು ಹಾಸಿ ಅಕ್ಕಲಕೋಟಿಗಿ ಒಯ್ದ್ರು. ಬಂಡಿ ಹತ್ತಾಕ ಹೋದ್ರ ಅತ್ತಿ ನನ್ನ ಕೈ ಸರಿಸಿದ್ಳು. ನಾ ಹಿಂದ ನಡಕೋತ ಹೋದೆ. ಎರಡು ಸಲ ಮುಳ್ಳು ಚುಚ್ಚಿತು, ನಿಂತು ತಗೀಲಿಲ್ಲ. ಅಕ್ಕಲಕೋಟಿ ದವಾಖಾನ್ಯಾಗ "ಎಲವಿಗಿ ಹತ್ಯಾದ, ಸೊಲ್ಲಾಪುರಕ್ಕ ಒಯ್ರಿ" ಅಂದ್ರು. ಯಾರದೋ ಜೀಪು ಸಿಕ್ಕಿತು.

ಸೊಲ್ಲಾಪುರದ ದೊಡ್ಡ ದವಾಖಾನ್ಯಾಗ ಡಾಕ್ಟರು ಗಾಯ ತೊಳದು, ಕಾಲಿಗಿ ಪಟ್ಟಿ ಕಟ್ಟಿ, "ಎಲವಿನ ಚೂರು ಹಾರ್ಯಾದ. ಕೀವು ಮ್ಯಾಲ ಏರಲಿಲ್ಲಂದ್ರ ಕಾಲು ಉಳೀತದ, ಏರಿತಂದ್ರ ತಗೀಬೇಕಾಗತದ" ಅಂತ ನೆಟ್ಟಗ ಹೇಳಿದ್ರು. ನನಗ ಎರಡು ಚಿಂತಿ ಬಿದ್ವು. ಇವ್ರ ಕಾಲು ಉಳೀತದೋ ಇಲ್ಲೋ, ಅದು ಒಂದು. ನಾ ಆ ಮನ್ಯಾಗ ಉಳೀತೀನೋ ಇಲ್ಲೋ, ಇದು ಇನ್ನೊಂದು. ಅತ್ತಿ ಆಗಲೇ ನಮ್ಮಪ್ಪಗ ಹೇಳಿಬಿಟ್ಟಿದ್ಳು. "ಬೀಗರ, ಮಗ ಎದ್ದು ಮನಿಗಿ ಹೋಗೋ ದಿನ ನಿಮ್ಮ ಮಗಳನ್ನ ನೀವು ಕರ್ಕೊಂಡು ಹೋಗ್ರಿ. ನಮ್ಮ ಮನಿಗಿ ಆಕಿ ಒಗ್ಗಲಿಲ್ಲ." ನಮ್ಮಪ್ಪ ಗಿರಣಿಯಿಂದ ನೇರಾ ಬಂದಿದ್ದ, ತಲಿಗೂದಲದಾಗ ಹತ್ತಿ ಹಾಂಗೇ ಇತ್ತು. ಟೋಪಿ ತಗದು ಮತ್ತ ಹಾಕ್ಕೊಂಡ.

ದಿನಾ ಮುಂಜಾನಿ ನಾ ತವರಮನ್ಯಾಗ ರೊಟ್ಟಿ ಬಡದು, ಪಲ್ಯಾ ಮಾಡಿ, ಡಬ್ಬಿ ಕಟಗೊಂಡು ದವಾಖಾನಿಗಿ ನಡದು ಹೋಗತಿದ್ದೆ. ನಮ್ಮ ಮನಿಯವ್ರು ಉಣತಿದ್ರು. ಮಾವನವ್ರು ತಲಿ ತೆಳಗ ಹಾಕಿ ಉಣತಿದ್ರು. ಅತ್ತಿ ಮುಟ್ಟತಿರಲಿಲ್ಲ. ಊರಿಂದ ಯಾರರೆ ತಂದ ಕಟಕ ರೊಟ್ಟಿ ನೀರಾಗ ತೋಯಿಸಿ ತಿಂತಿದ್ಳು, ನನ್ನ ಕೈಯಿಂದ ನೀರು ಸುದ್ದಾ ಇಸಗೋತಿರಲಿಲ್ಲ.

ಊರಾಗಿಂದ ಮಂದಿ ಬಂದು ಬಂದು ಮಾತಾಡ್ಸಿ ಹೋಗಾಕತ್ರು. "ಹ್ಯಾಂಗಾತ್ರಿ?" ಅಂತ ಕೇಳಿದ್ರ ಮಾವನವ್ರು "ನನ್ನ ಕೈ ಜಾರಿ ಹಾರಿತು" ಅಂತಿದ್ರು. ಅಷ್ಟ. ಕೇಳಿದಾವ್ರು ಹೂಂ ಅಂತ ನನ್ನ ಕಡಿ ಒಮ್ಮೆ ನೋಡತಿದ್ರು. ಪೂಜಾ ಮಾಡಿದಾಕಿ ಹೊಸಾ ಸೊಸಿ ಅಂತ ಊರಿಗೆಲ್ಲಾ ಸುದ್ದಿ ಹರಡಿತ್ತಲ್ಲ. ಮಾವನವ್ರು ಸುಳ್ಳು ಹೇಳಿ ಸೊಸಿನ್ನ ಉಳಸಾಕತ್ಯಾರ ಅಂತ ಎಲ್ಲಾರಿಗೂ ಪಕ್ಕಾ ಆತು. ಅವ್ರು ಸುಳ್ಳು ಹೇಳಿದಷ್ಟೂ ನಾ ಕಳ್ಳಿ ಆದೆ, ಅವ್ರು ದೇವರಾದ್ರು. ಬಂದೂಕಿನ್ಯಾಗ ಗುಂಡು ಬಿಟ್ಟವ್ರು ಯಾರು ಅಂತ ಒಬ್ಬ ಮನಶ್ಯಾನೂ ಕೇಳಲಿಲ್ಲ.

ಇದನ್ನ ನಮ್ಮ ಮನಿಯವ್ರ ಮುಂದ ಹೇಳಿದೆ. "ಬಿಡು," ಅಂದ್ರು, "ಅಪ್ಪ ತನ್ನ ಮ್ಯಾಲ ಹಾಕ್ಕೊಂಡಾನ, ನಿನಗ ಪೊಲೀಸ್ರ ತ್ರಾಸ ತಪ್ಪಿತು. ಇನ್ನೇನ ಬೇಕು?"

"ನನಗ ಪೊಲೀಸ್ರ ಅಂಜಿಕಿ ಇಲ್ಲ, ನಿಮ್ಮವ್ವನ ಅಂಜಿಕಿ ಅದ," ಅಂದೆ. ನಕ್ಕರು. ಕಾಲಿಗಿ ಗುಂಡು ಬಿದ್ದ ಮನಶ್ಯಾ ನಗತಾನ, ನಾ ಬೈಬೇಕೋ ಅಳಬೇಕೋ ತಿಳೀಲಿಲ್ಲ. ಭಾಳ ಸಾಧು ಮನಶ್ಯಾ ಅಂವ, ಸಾಧು ಮಂದಿ ಜೋಡಿ ಬಾಳೇ ಮಾಡೋದು ಸೋವಿ ಅಲ್ಲ.

ಆಮ್ಯಾಲ ಠಾಣೇದ ಫೌಜದಾರರು ಬಂದ್ರು. ಬಂದೂಕ ಆಗಲೇ ಠಾಣೇದಾಗ ಇತ್ತು, ಜಬಾನಿ, ಅಂದ್ರ ನಮ್ಮ ಹೇಳಿಕಿ ಬರಕೊಳ್ಳಾಕ ಬಂದಿದ್ರು. ಮಾವನವ್ರಿಗಿ ಗುರ್ತಿನವ್ರು. ರಜಾಕಾರರ ಗದ್ದಲದಾಗ ಇಬ್ರೂ ಕೂಡಿ ಗಸ್ತಿ ತಿರಗಿದ್ರಂತ. ಖಾಟಿನ ಹತ್ರ ಸ್ಟೂಲ್ ಹಾಕ್ಕೊಂಡು ಕೂತು ಮರಾಠಿಲೆ ಮೊದಲ ಗಾಯದ ಸುದ್ದಿ ಕೇಳಿದ್ರು. ಆಮ್ಯಾಲ "ಬಂದೂಕ ಕೋಣಾಚ್ಯಾ ಹಾತಾತ ಹೋತೀ?" ಅಂತ ಯಾರ ಕೈಯಾಗ ಇತ್ತು ಅನ್ನೋದು ಕೇಳಿದ್ರು.

"ನನ್ನ ಕೈಯಾಗ ಇತ್ತು ಸಾಹೇಬ. ಪೂಜಾ ಮಾಡಾಕ ಎತ್ತಿದೆ, ಜಾರಿತು," ಅಂದ್ರು ಮಾವನವ್ರು.

ಫೌಜದಾರರು ತಲಿ ಅಲ್ಲಾಡಿಸಿ ಬರದ್ರು. ಯಜಮಾನನ ಕೈ, ಪರವಾನಗಿ ಯಜಮಾನಂದು, ಹಬ್ಬದ ದಿನದ ಅಪಘಾತ. ನಾಕು ಬೈಗಳಾ ಬೈದು, ತಾಕೀತ ಮಾಡಿ ಬಂದೂಕ ತಿರಗಿ ಕೊಡತಿದ್ರು, ಅದು ನನಗೂ ತಿಳೀತು. ಸುತ್ತ ನಮ್ಮ ಬಳಗದವ್ರು ನಿಂತಿದ್ರು. ಮಾವನವ್ರ ತಂಗಿ, ಅಂದ್ರ ನಮ್ಮ ಮನಿಯವ್ರ ಸ್ವಾದರತ್ತಿ, ಕಣ್ಣೀರು ಒರಸ್ಕೋತ ಗಟ್ಟಿಯಾಗಿ ಅಂದ್ಳು. "ಎಂಥಾ ದೊಡ್ಡ ಮನಸ್ಸವ್ವಾ ನಮ್ಮಣ್ಣಂದು. ಸೊಸಿ ಮಾಡಿದ್ದು ತನ್ನ ತಲಿ ಮ್ಯಾಲ ಹೊತಗೊಂಡ."

ನಾಲಿಗಿ ಹಲ್ಲಿನ ಹಿಂದ ನಿಲ್ಲಲಿಲ್ಲ. ಸೆರಗು ಸರಿ ಮಾಡಕೊಂಡು ಖಾಟಿನ ಮುಂದ ಬಂದು ನಿಂತೆ. "ಸಾಹೇಬ, ಜಾರಿದ್ದಲ್ಲ. ನನ್ನ ಕೈ," ಅಂದೆ ಮರಾಠಿಲೆ. "ನಾ ಕಂಕಣ ಕಟ್ಟುವಾಗ ಹಾರಿತು. ಕಟ್ಟೋಕ ಮೊದಲ ಖಾಲಿ ಅದ ಏನು ಅಂತ ಕೇಳೀನಿ. ಖಾಲಿ ಅದ ಅಂದ್ರು, ಅದಕ್ಕ ಕಟ್ಟೀನಿ. ಒಂದು ಹಾರಿದ ಮ್ಯಾಲ ಇನ್ನೊಂದು ತಾನ ಒಳಗ ಹೋಗಿ ಕೂಡೋದು ಈ ಬಂದೂಕಿನ ಗುಣಾ. ಡಬ್ಬಿ ಯಾಕ ತಗೀಲಿಲ್ಲ ಅಂತ ಅವ್ರನ್ನ ಕೇಳ್ರಿ."

ಅಷ್ಟಕ್ಕ ಬಿಡಲಿಲ್ಲ. ಅತ್ತಿ ಕಡಿ ತಿರಗಿ ಅದನ್ನ ಪೂರ್ತಿ ಕನ್ನಡದಾಗ ಮತ್ತೊಮ್ಮೆ ಹೇಳಿದೆ. ಮರಾಠಿ ತಿಳೀಲಿಲ್ಲ ಅಂತ ಆಮ್ಯಾಲ ಅನಬಾರದಲ್ಲ.

"ಬಾಯಿ ಮುಚ್ಚು!" ಅಂದ್ರು ಮಾವನವ್ರು. ಅವ್ರು ನನಗ ಹಂಗ ಅಂದದ್ದು ಅದೇ ಮೊದಲು. ವಾರ್ಡಿನ್ಯಾಗ ಬ್ಯಾರೆ ಖಾಟಿನವ್ರೂ ಎದ್ದು ಕೂತು ನೋಡಾಕತ್ರು. ಹೊಸಾ ಸೊಸಿ, ಮಾವನ ಮಾರಿ ನೋಡಿ ಮಾತಾಡೋದು ನಮ್ಮಾಗ ಇಲ್ಲ, ಅದರಾಗ ಪೊಲೀಸ್ರ ಮುಂದ. ನಮ್ಮಪ್ಪ ಬಾಗಲದಾಗ ನಿಂತಿದ್ದ, ಅವನ ಮಾರಿ ಬಿಳಚಿತ್ತು.

ಫೌಜದಾರರು ಬರಿಯೋದು ನಿಲ್ಲಿಸಿದ್ರು. ಈಗ ಅವ್ರ ದನಿ ಬ್ಯಾರೆ ಆತು. "ಹುಡುಗಿ ಖರೇನ ಕೇಳಿದ್ಳೇನು?" ಅಂತ ಮಾವನವ್ರನ್ನ ಕೇಳಿದ್ರು.

ಮಾವನವ್ರು ರುಮಾಲು ಬಿಚ್ಚಿ ತೊಡಿ ಮ್ಯಾಲ ಇಟಗೊಂಡ್ರು. ತಲಿ ಬೆವತಿತ್ತು. ನಾ ಅವ್ರನ್ನ ರುಮಾಲು ಇಲ್ಲದ ನೋಡಿರಲಿಲ್ಲ, ಇಷ್ಟು ಮುದುಕರು ಅಂತ ನನಗ ಗೊತ್ತೇ ಇರಲಿಲ್ಲ.

"ಕೇಳಿದ್ಳು," ಅಂದ್ರು.

ಆಮ್ಯಾಲ ತಾವಾಗೇ ಹೇಳಿದ್ರು. ಹಳೇ ಬಂದೂಕಿನ ರೂಢಿ, ಕೈ ತಾನ ಹಂಗ ಮಾಡಿತು, ಡಬ್ಬಿ ನೆನಪಿಗಿ ಬರಲಿಲ್ಲ, ಆಕೀದೇನೂ ತಪ್ಪಿಲ್ಲ. ಫೌಜದಾರರು ಮೊದಲ ಬರದದ್ದು ಹರದು ಎಲ್ಲಾ ಹೊಸದಾಗಿ ಬರದ್ರು. ಪರವಾನಗಿ ಇಲ್ಲದವ್ರ ಕೈಗಿ ತುಂಬಿದ ಬಂದೂಕ ಕೊಟ್ಟಂಗ ಆತು, ಇನ್ನ ಇದು ನಿಮಗ ತಿರಗಿ ಬರಂಗಿಲ್ಲ ಅಂದ್ರು. ಮಾವನವ್ರು ಹೂಂ ಅಂದು ಸಹಿ ಮಾಡಿದ್ರು. ಅವ್ರ ಕೈಯಾಗಿಂದ ಆ ಬಂದೂಕ ನನ್ನ ಮಾತಿನ ಸಲುವಾಗಿ ಹೋತು, ಅದು ಖರೆ. ನನಗ ಕೆಟ್ಟ ಅನಿಸಿತು. ಆದ್ರ ಮತ್ತೊಮ್ಮೆ ಅದೇ ಗಳಿಗಿ ಬಂದ್ರ ಮತ್ತ ಅದನ್ನ ಹೇಳತಿದ್ದೆ.

ಅವತ್ತಿನಿಂದ ಮಾವನವ್ರು ನನ್ನ ಜೋಡಿ ಮಾತಾಡಲಿಲ್ಲ. ಡಬ್ಬಿ ಇಟ್ರ ಉಣತಿದ್ರು, ಅಷ್ಟ. ಅತ್ತಿಯಂತೂ ಮೊದಲೂ ಮಾತಾಡತಿರಲಿಲ್ಲ. ಸ್ವಾದರತ್ತಿ "ಸೊಲ್ಲಾಪುರದ ಹುಡಿಗ್ಯಾರು ಹಿಂಗ" ಅಂತ ಊರ ತುಂಬ ಡಂಗುರ ಸಾರಿದ್ಳು. ನಮ್ಮವ್ವ ಮನ್ಯಾಗ ನನ್ನ ಟ್ರಂಕಿನ ಸಲುವಾಗಿ ಜಾಗ ಮಾಡಿ ಇಟ್ಟಳು. "ಖರೆ ಹೇಳಿದಿ, ಛಲೋ ಆತು. ಖರೆ ಕಟಗೊಂಡು ಎಲ್ಲಿ ಮಲಗತಿ?" ಅಂತ ಒಲಿ ಮುಂದ ಕೂತು ಅತ್ಳು. ನನಗೂ ಅಳು ಬಂತು. ನನಗ ನಮ್ಮ ಮನಿಯವ್ರನ್ನ ಬಿಟ್ಟು ಬರೋದು ಬ್ಯಾಡಾಗಿತ್ತು, ಅದನ್ನ ಯಾರ ಮುಂದ ಹೇಳಬೇಕು?

ಕೀವು ಏರಲಿಲ್ಲ. ದೇವರು ದೊಡ್ಡಾಂವ. ಕಾಲು ಉಳೀತು. ಒಂದಿನ ಡಾಕ್ಟರು ಬಗಲಾಗ ಕೋಲು ಕೊಟ್ಟು ಮನಿಗಿ ಹೋಗ್ರಿ ಅಂದ್ರು.

ಎಲ್ಲಾರೂ ಎಸ್.ಟಿ. ಸ್ಟ್ಯಾಂಡಿಗಿ ಬಂದ್ವಿ. ಅಕ್ಕಲಕೋಟಿ ಬಸ್ ನಿಂತಿತ್ತು. ನಮ್ಮ ಮನಿಯವ್ರನ್ನ ಇಬ್ರು ಹಿಡದು ಮುಂದಿನ ಬಾಕಿನ ಮ್ಯಾಲ ಕೂಡ್ಸಿದ್ರು. ಮಾವನವ್ರು ಅವ್ರ ಹಿಂದ ಕಿಡಕಿ ಹತ್ರ ಕೂತು ಹೊರಗ ನೋಡಾಕತ್ರು. ನಾ ಕೆಳಗ ನಿಂತಿದ್ದೆ. ನನ್ನ ಅರಿವಿ ಗಂಟು ನಮ್ಮಪ್ಪನ ಕೈಯಾಗ ಇತ್ತು. ನನ್ನನ್ನ ತವರಿಗಿ ಕಳಸೋದು ಮಾತಾಗಿ ಹೋಗಿತ್ತಲ್ಲ. ನಮ್ಮ ಮನಿಯವ್ರು ಕಿಡಕಿಯಿಂದ ತಮ್ಮಪ್ಪನ್ನೂ ನೋಡಿದ್ರು, ನನ್ನೂ ನೋಡಿದ್ರು, ಬಗಲಿನ ಕೋಲು ಸರಿಸಿ ಇಟಗೊಂಡು ಕೂತ್ರು. ನನಗ ಎಂಥಾ ಸಿಟ್ಟು ಬಂತಂದ್ರ, ಇನ್ನೊಂದು ಕಾಲಿಗೂ ಬೀಳಬೇಕಿತ್ತು ಅನಿಸಿತು.

"ನಡಿ ಮಗಳ," ಅಂದ ನಮ್ಮಪ್ಪ, "ಟಾಂಗಾ ನಿಂತಾದ."

ಕಂಡಕ್ಟರ ಗಂಟಿ ಹೊಡದ. ಆವಾಗ ಬಸ್ಸಿನ ಮೆಟ್ಟಲದಾಗ ಅತ್ತಿ ಕಾಣಿಸಿದ್ಳು. ಹತ್ತಿದಾಕಿ ತಿರಗಿ ಇಳದ್ಳು. ಸೀದಾ ನಮ್ಮಪ್ಪನ ಹತ್ರ ಬಂದು ಕೈ ಚಾಚಿದ್ಳು. "ಗಂಟು ಇಲ್ಲಿ ಕೊಡ್ರಿ ಬೀಗರ."

ನಮ್ಮಪ್ಪ ಕೊಟ್ಟ. ಅಂವಗ ಏನೂ ತಿಳೀಲಿಲ್ಲ. ಆಕಿ ಗಂಟು ಬಗಲಾಗ ಇಟಗೊಂಡು ನನಗ "ಹತ್ತು" ಅಂದ್ಳು.

ನಾ ಹತ್ತಲಿಲ್ಲ. ನನಗೂ ಹಟ. "ನನ್ನ ಕಾಲಗುಣ ಕೆಟ್ಟದ್ದು ಅಂದ್ರಲ್ರಿ ಅತ್ತೀ. ಮಗನ ಕಾಲು ತಿಂದಾಕಿ ಅಂದ್ರಿ. ಈಗ ಯಾಕ ಕರೀತೀರಿ?"

ಕಂಡಕ್ಟರ ಒದರಾಕತ್ತಿದ್ದ. ಅತ್ತಿ ಬಸ್ಸಿನ ಕಿಡಕಿ ಕಡಿ ಒಮ್ಮೆ ನೋಡಿದ್ಳು, ಮಾವನವ್ರ ಕಿವಿಗಿ ಬೀಳಂಗಿಲ್ಲ ಅಂತ ಖಾತ್ರಿ ಮಾಡಕೊಂಡ್ಳು. ಆಮ್ಯಾಲ ನನ್ನ ಮುಂಗೈ ಹಿಡದು, ಸಣ್ಣ ದನಿಲೆ ಹೇಳಿದ್ಳು.

"ಖಾಲಿ ಅದ ಏನ್ರಿ ಅಂತ ನೀ ಅಂದದ್ದು ನನ್ನ ಕಿವಿಗೂ ಬಿದ್ದಿತ್ತು. ತಪ್ಪು ನಿಮ್ದು ಅಂತ ಅವ್ರಿಗಿ ಅನ್ನಾಕ ನನಗ ಬಾಯಿ ಬರಲಿಲ್ಲ. ನಿನಗ ಅಂದೆ."

ಆಕಿ ಆ ಮನ್ಯಾಗ ಬಾಳೇ ಮಾಡಾಕ ಹತ್ತಿ ಆವಾಗ ಮೂವತ್ತು ವರ್ಷ ಆಗಿತ್ತು. ನಾ ಬಸ್ ಹತ್ತಿದೆ.